ಜಗಲಿಯ ಮೇಲಿನ ಸಮಾಜಶಾಸ್ತ್ರ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಮಾಜಶಾಸ್ತ್ರವನ್ನು ಅಭ್ಯಸಿಸಬಂದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಬೋಧಿಸುವ, ಅವನು ಮುಂದೆ ಬರೆಯುವ ಮಹಾಪ್ರಬಂಧದ ಪೀಠಿಕೆಯಲ್ಲಿ ಸಂಕಲ್ಪವಾಕ್ಯದಂತೆ ಉಚ್ಚರಿಸುವ ಒಂದು ಮತವಿದೆ. ಸಂಶೋಧಕನು ಸಮಾಜವನ್ನು ಇದ್ದಂತೆ ವರ್ಣಿಸತಕ್ಕವನು. ಅದು ಹೇಗಿರಬೇಕೆಂಬ ವಿಚಾರ ಅವನಿಗೆ ಸೇರಿದುದಲ್ಲ. ಅನ್ಯಾಯವನ್ನು ಕಂಡಾಗಲೂ ಅದನ್ನು ಅನ್ಯಾಯವೆನ್ನದೆ ಶ್ರೇಣಿಯೆಂದೋ ಭಿನ್ನತೆಯೆಂದೋ ಕರೆಯುವ ಸಂಯಮದಲ್ಲಿಯೇ ಅವನ ಶಾಸ್ತ್ರೀಯತೆ ಅಡಗಿದೆ. ಜ್ಞಾನವು ಸಂಪಾದಿತವಾದೊಡನೆ ಅವನ ಕರ್ತವ್ಯ ಮುಗಿಯಿತು, ಮುಂದಿನದು ರಾಜಕಾರಣಿಗೂ ಚಳವಳಿಗಾರನಿಗೂ ಬಿಟ್ಟದ್ದು. ಆ ಮತದ ಸಾರಾಂಶ ಇಷ್ಟು. ಇದನ್ನು ಹಿಡಿದವರಲ್ಲಿ ಅನೇಕರು ಘನವಿದ್ವಾಂಸರು, ಪ್ರಾಮಾಣಿಕರು, ತಮ್ಮ ವಿದ್ಯೆಗಾಗಿ ಸುಖವನ್ನು ತ್ಯಜಿಸಿದವರು. ಅವರ ಶೀಲದ ವಿಷಯದಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಮನುಷ್ಯರನ್ನು ಮೇಲುಕೀಳುಗಳಾಗಿ ವಿಂಗಡಿಸಿಟ್ಟಿರುವ ಸಮಾಜದಲ್ಲಿ ಈ ಮತವು ಸತ್ಯವನ್ನು ಕಾಪಾಡುವುದಿಲ್ಲವೆಂದೂ, ಅನ್ಯಾಯಕ್ಕೆ ಮಾತ್ರವಲ್ಲದೆ ಅಜ್ಞಾನಕ್ಕೂ ಆಶ್ರಯ ಕೊಡುತ್ತದೆಂದೂ ನಾನು ದೃಢವಾಗಿ ನಂಬಿರುವುದರಿಂದ, ಅದನ್ನು ಸವಿಸ್ತಾರವಾಗಿ ಖಂಡಿಸುವುದು ಅವಶ್ಯವೆಂದು ತಿಳಿದಿದ್ದೇನೆ.

ಈ ಮತಕ್ಕೆ ಪ್ರಮಾಣಪುರುಷನನ್ನಾಗಿ ಜರ್ಮನಿಯ ಮ್ಯಾಕ್ಸ್ ವೇಬರನನ್ನು ಮುಂದಿಡುವುದು ವಾಡಿಕೆ. ೧೯೧೭ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳೆದುರು ಮಾಡಿದ ಉಪನ್ಯಾಸದಲ್ಲಿ ಆತನು, ಉಪಾಧ್ಯಾಯನು ಬೋಧನಪೀಠವನ್ನು ಪಕ್ಷಪ್ರಚಾರಕ್ಕೆ ಬಳಸಕೂಡದೆಂದು ಖಂಡತುಂಡವಾಗಿ ಹೇಳಿದುದು ನಿಜ, ಮತ್ತು ಆ ಮಾತು ಇಂದಿಗೂ ಮಾನ್ಯ. ಆದರೆ ಅದೇ ವೇಬರನು ೧೯೦೪ರ ಪ್ರಬಂಧವೊಂದರಲ್ಲಿ, ಅನಂತವಾದ ಸಾಮಾಜಿಕ ವಾಸ್ತವದೊಳಗಿಂದ ಯಾವುದು ಅಧ್ಯಯನಯೋಗ್ಯವೆಂಬ ಆಯ್ಕೆಯೇ ನಮ್ಮ ಮೌಲ್ಯಗಳಿಂದ ಹುಟ್ಟತಕ್ಕದ್ದೆಂದು ಅಷ್ಟೇ ಸ್ಪಷ್ಟವಾಗಿ ಪ್ರತಿಪಾದಿಸಿದ್ದನೆಂಬುದನ್ನು ಈ ಮತದವರು ಸ್ಮರಿಸುವುದಿಲ್ಲ. ಆತನ ಯೌವನದ ಒಂದು ಪ್ರಸಂಗವಂತೂ ಇನ್ನೂ ಬೋಧಪ್ರದವಾಗಿದೆ. ಎಲ್ಬ್ ನದಿಯ ಪೂರ್ವದ ಪ್ರಾಂತಗಳಲ್ಲಿ ದೊಡ್ಡ ಜಮೀನುದಾರರ ಹೊಲಗಳಲ್ಲಿ ದುಡಿಯುತ್ತಿದ್ದ ಕೂಲಿಗಳ ಸ್ಥಿತಿಗತಿಯನ್ನು ಅರಿಯಲು ಅಲ್ಲಿನ ವಿದ್ವತ್ಸಂಘವೊಂದು ನಡೆಸಿದ ವಿಚಾರಣೆಯ ಫಲವನ್ನು ವೇಬರನು ೧೮೯೨ರಲ್ಲಿ ಗ್ರಂಥರೂಪಕ್ಕೆ ತಂದನು. ಕೂಲಿಗಳ ಜೀವನವನ್ನು ಕುರಿತ ಆ ಪ್ರಶ್ನಾವಳಿ ಹೋದುದು ಯಾರ ಬಳಿಗೆ? ಜಮೀನುದಾರರ ಬಳಿಗೆ. ಕೂಲಿ ಎಷ್ಟು, ಮನೆ ಹೇಗಿದೆ, ಆಹಾರ ಸಾಲುತ್ತದೆಯೆ ಎಂಬುದನ್ನೆಲ್ಲ ಕೂಲಿಯ ಧಣಿಯೇ ಉತ್ತರಿಸಿದನು. ಈ ಲೋಪವನ್ನು ಮನಗಂಡ ವೇಬರನೇ ಸ್ನೇಹಿತನೊಬ್ಬನೊಡಗೂಡಿ ಮರುವಿಚಾರಣೆಯನ್ನು ಕೈಕೊಂಡು, ಆ ಸಲ ಧಣಿಗಳನ್ನು ಬಿಟ್ಟು ಗ್ರಾಮಗಳ ಪಾದ್ರಿಗಳಿಗೆ ಪ್ರಶ್ನೆಗಳನ್ನು ಕಳುಹಿದನು. ಆಗಲೂ ಕೂಲಿಯ ಬಾಯಿಂದ ಉತ್ತರ ಬರಲಿಲ್ಲ, ಆದರೆ ಯಾರನ್ನು ಕೇಳುತ್ತೇವೆಂಬುದರ ಮೇಲೆ ಏನು ತಿಳಿಯುತ್ತೇವೆಂಬುದು ನಿಂತಿದೆಯೆಂಬ ಅರಿವು ತಾಟಸ್ಥ್ಯದ ಆಚಾರ್ಯನಿಗೇ ಇದ್ದಿತು.

ಇಲ್ಲಿಯೇ ಈ ಮತದ ಮೂಲದೋಷವಿದೆ. ಅದು ತಾಟಸ್ಥ್ಯವೆಂಬುದನ್ನು ಮನಸ್ಸಿನ ಒಂದು ಭಾವವೆಂದು ತಿಳಿಯುತ್ತದೆ; ರಾಗದ್ವೇಷಗಳನ್ನು ಒಳಗೆ ಅಡಗಿಸಿಕೊಂಡರೆ ದೃಷ್ಟಿ ಶುದ್ಧವಾಯಿತೆಂದು ಎಣಿಸುತ್ತದೆ. ಆದರೆ ನೋಡುವವನಿಗೆ ದೇಹವುಂಟು, ಹುಟ್ಟಿದ ಕುಲವುಂಟು, ಊರಿಗೆ ಬಂದಾಗ ಇಳಿದುಕೊಳ್ಳಲು ಒಂದು ಮನೆ ಬೇಕು, ನೀರು ಕುಡಿಯಲು ಒಂದು ಬಾವಿ ಬೇಕು. ಅಸಮಾನ ಸಮಾಜದಲ್ಲಿ ಪ್ರತಿಯೊಂದು ಮನೆಯೂ ಪ್ರತಿಯೊಂದು ಬಾವಿಯೂ ಯಾರದೋ ಒಂದು ಪಕ್ಷಕ್ಕೆ ಸೇರಿದುದು.

ಇದಕ್ಕೆ ದೃಷ್ಟಾಂತವನ್ನು ನಮ್ಮ ನಾಡಿನ ಅತ್ಯುತ್ತಮ ಕೃತಿಯಿಂದಲೇ ತೆಗೆದುಕೊಳ್ಳುತ್ತೇನೆ, ದುರ್ಬಲ ಕೃತಿಯನ್ನು ಆರಿಸಿಕೊಂಡು ಗೆಲ್ಲುವುದು ನ್ಯಾಯವಲ್ಲವಾದುದರಿಂದ. ಮೈಸೂರಿನಲ್ಲಿ ಹುಟ್ಟಿ ಜಗತ್ಪ್ರಸಿದ್ಧರಾದ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೆ ಹೋಗಿ ನೆಲಸಿ, ರಾಮಪುರವೆಂಬ ಕಲ್ಪಿತ ನಾಮದಿಂದ ಅದನ್ನು ಲೋಕಕ್ಕೆ ಪರಿಚಯಿಸಿದರು. ೧೯೭೦ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಸಿದ್ಧಟಿಪ್ಪಣಿಗಳೆಲ್ಲ ಆಹುತಿಯಾದರೂ ಎದೆಗುಂದದೆ, ಬಹುಮಟ್ಟಿಗೆ ನೆನಪಿನಿಂದಲೇ ಬರೆದು ೧೯೭೬ರಲ್ಲಿ ಪ್ರಕಟಿಸಿದ ಆ ಗ್ರಂಥವು ಮಾನವ್ಯದಿಂದಲೂ ಸೂಕ್ಷ್ಮಾವಲೋಕನದಿಂದಲೂ ತುಂಬಿದೆ. ಬೇಸಾಯದ ಶ್ರಮವನ್ನೂ ನ್ಯಾಯಪಂಚಾಯಿತಿಯ ವಾಗ್ವಾದವನ್ನೂ ಒಕ್ಕಲಿಗ ಯಜಮಾನನ ಗಾಂಭೀರ್ಯವನ್ನೂ ಅಷ್ಟು ಜೀವಂತವಾಗಿ ಚಿತ್ರಿಸಿದವರು ವಿರಳ. ಆದರೆ ಶ್ರೀನಿವಾಸರು ಅಲ್ಲಿ ಬಿಡಾರ ಮಾಡಿದುದು ಊರ ಯಜಮಾನನಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ. ಅವರು ಬ್ರಾಹ್ಮಣರು, ಯಜಮಾನನ ಅತಿಥಿಗಳು. ಬ್ರಾಹ್ಮಣ ಅತಿಥಿಯು ದಲಿತ ಕೇರಿಗೆ ಹೋಗಿ ಹೊತ್ತುಗಟ್ಟಲೆ ಕುಳಿತಿರುವುದನ್ನು ಆ ಯಜಮಾನನಾಗಲಿ ಅವನ ಬಂಧುಗಳಾಗಲಿ ಸಹಜವೆಂದು ಎಣಿಸುವ ಕಾಲವಲ್ಲ ಅದು. ತಮ್ಮ ಚಿತ್ರವು ಮೇಲ್ಜಾತಿಗಳ ದೃಷ್ಟಿಯಿಂದ ಕಂಡ ಹಳ್ಳಿಯ ಚಿತ್ರವಾಯಿತೆಂಬುದನ್ನು ಶ್ರೀನಿವಾಸರೇ ಆ ಗ್ರಂಥದಲ್ಲಿ ಒಪ್ಪಿಕೊಂಡಿರುವುದು ಅವರ ದೊಡ್ಡತನ. ನಾನು ಆಕ್ಷೇಪಿಸುವುದು ಅವರ ಅನುಯಾಯಿಗಳ ನಡತೆಯನ್ನು: ಗುರುವು ತನ್ನ ಗ್ರಂಥದ ಮಿತಿಯೆಂದು ಹೇಳಿದುದನ್ನು ಅವರು ಶಾಸ್ತ್ರದ ವಿಧಿಯನ್ನಾಗಿ ಮಾಡಿಕೊಂಡು, ಯಜಮಾನನ ಜಗಲಿಯಿಂದ ಕಾಣುವ ಹಳ್ಳಿಯನ್ನೇ ಹಳ್ಳಿಯೆಂದು ಎರಡು ತಲೆಮಾರುಗಳಿಗೆ ಬೋಧಿಸಿದರು.

ಜಗಲಿ ಬದಲಾದರೆ ಹಳ್ಳಿಯೂ ಬದಲಾಗುತ್ತದೆಂಬುದಕ್ಕೆ ಆಕಸ್ಮಿಕವಾಗಿ ಒಂದು ಪ್ರಯೋಗವೇ ನಡೆದುಹೋಗಿದೆ. ೧೯೫೭ರಲ್ಲಿ ಜೆರಾಲ್ಡ್ ಬೆರ್ರಿಮನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞನು ಡೆಹ್ರಾಡೂನಿನ ಮೇಲಿನ ಬೆಟ್ಟಗಳಲ್ಲಿ ಒಂದು ಹಳ್ಳಿಯನ್ನು ಅಭ್ಯಸಿಸಲು ಬಂದಾಗ ಅವನ ದುಭಾಷಿಯಾಗಿದ್ದವನು ಒಬ್ಬ ಬ್ರಾಹ್ಮಣ ತರುಣ. ಕೆಲವು ತಿಂಗಳ ನಂತರ ಆ ತರುಣನು ಕಾಯಿಲೆಬಿದ್ದು ಹಿಂದಿರುಗಲು, ಅವನ ಸ್ಥಾನಕ್ಕೆ ವಯಸ್ಸಾದ ಮುಸಲ್ಮಾನ ಉಪಾಧ್ಯಾಯನೊಬ್ಬನು ಬಂದನು. ಸಂಶೋಧಕ ಅವನೇ, ಹಳ್ಳಿ ಅದೇ, ಪ್ರಶ್ನೆಗಳೂ ಬಹುಮಟ್ಟಿಗೆ ಅವೇ. ಆದರೆ ಅಲ್ಲಿಯವರೆಗೆ ಬಾಯಿ ಬಿಡದೆ ದೂರ ನಿಂತಿದ್ದ ಕೆಳಜಾತಿಯ ಜನ ಹತ್ತಿರ ಬಂದು ಮಾತನಾಡತೊಡಗಿದರು. ಮೇಲ್ಜಾತಿಯವರು ಬ್ರಾಹ್ಮಣ ದುಭಾಷಿಯ ಎದುರು ಮರೆಮಾಡಿದ್ದ ಮಾಂಸ ಮದ್ಯಗಳ ವಿಚಾರ ಹೊರಬಿದ್ದಿತು. ಯಾರು ಯಾರಿಗೆ ಏಕೆ ಅಂಜುತ್ತಾರೆಂಬುದು ಹೊರಬಿದ್ದಿತು. ೧೯೬೨ರಲ್ಲಿ ಬೆರ್ರಿಮನ್ ಈ ಅನುಭವವನ್ನು ಪ್ರಾಮಾಣಿಕವಾಗಿ ಬರೆದಿಟ್ಟನು. ದುಭಾಷಿಯು ಕಾಯಿಲೆ ಬೀಳದೆ ಇದ್ದಿದ್ದರೆ ಆ ಹಳ್ಳಿಯ ಸಾಮರಸ್ಯವನ್ನು ಕುರಿತು, ಯಾವ ದುರುದ್ದೇಶವೂ ಇಲ್ಲದ, ಪೂರ್ಣವಾಗಿ ತಟಸ್ಥವಾದ, ಮತ್ತು ಅರ್ಧಕ್ಕರ್ಧ ಸುಳ್ಳಾದ ಗ್ರಂಥವೊಂದು ನಮ್ಮ ಕೈಸೇರುತ್ತಿದ್ದಿತು.

ಅವಲೋಕನಕ್ಕೆ ಹೇಗೋ ಸಿದ್ಧಾಂತಕ್ಕೂ ಹಾಗೆಯೆ. ಫ್ರಾನ್ಸಿನ ಲೂಯಿ ಡ್ಯೂಮೊ ೧೯೬೬ರಲ್ಲಿ ಪ್ರಕಟಿಸಿದ ಜಾತಿಮೀಮಾಂಸೆಯು ಶುದ್ಧಾಶುದ್ಧಗಳ ತತ್ತ್ವವನ್ನು ಅಡಿಗಲ್ಲಾಗಿಟ್ಟು, ಅಧಿಕಾರವನ್ನೂ ಸಂಪತ್ತನ್ನೂ ಅದರ ಅಂಗವಾಗಿ ಕಂಡು, ಭವ್ಯವಾದ ಒಂದು ಕಟ್ಟಡವನ್ನು ಎಬ್ಬಿಸಿತು. ತಮಿಳುನಾಡಿನ ಚೆಂಗಲ್ಪಟ್ಟು ಸೀಮೆಯಲ್ಲಿ ಪರೈಯರೆಂಬ ದಲಿತರ ನಡುವೆ ಕೆಲಸಮಾಡಿದ ಮಾನವಶಾಸ್ತ್ರಜ್ಞೆ ಜೋನ್ ಮೆಂಚರ್ ೧೯೭೪ರಲ್ಲಿ ಅದೇ ವ್ಯವಸ್ಥೆಯನ್ನು ಕೆಳಗಿನಿಂದ ನೋಡಿ, ಅಲ್ಲಿಂದ ಕಾಣುವುದು ಶುದ್ಧಾಶುದ್ಧಗಳ ದರ್ಶನವಲ್ಲ, ದುಡಿಮೆಯನ್ನು ಕಸಿದುಕೊಳ್ಳುವ ಪರಿಣಾಮಕಾರಿಯಾದ ಏರ್ಪಾಡು ಎಂದು ತೋರಿಸಿದಳು. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವಳಿಗೆ ತನ್ನ ಮೈಲಿಗೆ ಒಂದು ತತ್ತ್ವವಲ್ಲ. ಅದು ಅವಳ ಕೂಲಿಯ ದರ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರುತ್ತದೆ, ಅದನ್ನು ಉಪೇಕ್ಷಿಸಕೂಡದು. ಸಂಶೋಧನೆಗೆ ಉದ್ದೇಶವನ್ನು ಕಟ್ಟಿದರೆ ಸತ್ಯ ಕೆಡುತ್ತದೆ. ಪಕ್ಷ ವಹಿಸಿದವನು ತನಗೆ ಬೇಕಾದ ಅಂಕಿಗಳನ್ನು ಹೆಕ್ಕಿ ಬೇಡವಾದುವನ್ನು ಬಚ್ಚಿಡುತ್ತಾನೆ ಎಂಬುದು ಆ ಆಕ್ಷೇಪ. ಹಾಗೆ ಮಾಡುವವರುಂಟು, ಅವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಚರಿತ್ರೆಯನ್ನು ತೆರೆದು ನೋಡಿದರೆ, ಉದ್ದೇಶವನ್ನು ಬಹಿರಂಗವಾಗಿ ಸಾರಿದವರೇ ಪ್ರಮಾಣದ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾಗಿದ್ದುದನ್ನು ಕಾಣುತ್ತೇವೆ, ಏಕೆಂದರೆ ಅವರ ಒಂದೊಂದು ಅಂಕಿಯನ್ನೂ ಹರಿದು ನೋಡಲು ಪ್ರಬಲರಾದ ಪ್ರತಿಪಕ್ಷಿಗಳು ಕಾದಿದ್ದರು. ದಾದಾಭಾಯಿ ನವರೋಜಿಯವರು ೧೮೭೬ರಲ್ಲಿ ಭಾರತದ ಬಡತನವನ್ನು ಕುರಿತ ತಮ್ಮ ಲೆಕ್ಕಾಚಾರವನ್ನು ಮಂಡಿಸಿದಾಗ, ದೇಶವು ಸುಭಿಕ್ಷವಾಗಿ ಬೆಳೆಯುತ್ತಿದೆಯೆಂಬುದು ಆಳುವವರ ಘೋಷಣೆಯಾಗಿತ್ತು. ನವರೋಜಿಯವರು ಸರ್ಕಾರದ ವರದಿಗಳನ್ನೇ ತೆಗೆದು, ಪ್ರಾಂತಪ್ರಾಂತದ ಬೆಳೆ ಬೆಲೆಗಳನ್ನು ಕೂಡಿಸಿ, ತಲೆಗೆ ವರ್ಷಕ್ಕೆ ಸುಮಾರು ೨೦ ರೂಪಾಯಿ ವರಮಾನವೆಂದು ಗಣಿಸಿದರು. ಅನಂತರ ಸೆರೆಮನೆಗಳ ವರದಿಯನ್ನು ತೆಗೆದು, ಕೈದಿಯೊಬ್ಬನ ಅನ್ನವಸ್ತ್ರಕ್ಕೆ ಅದೇ ಸರ್ಕಾರ ಎಷ್ಟು ವೆಚ್ಚ ಮಾಡುತ್ತದೆಂಬುದನ್ನು ಅದರ ಪಕ್ಕದಲ್ಲಿಟ್ಟರು. ನಿರಪರಾಧಿಯಾದ ಪ್ರಜೆಗೆ ಕೈದಿಯ ಪಾಲೂ ದೊರೆಯುತ್ತಿಲ್ಲವೆಂಬುದನ್ನು ಸರ್ಕಾರವೇ ತನ್ನ ಕೈಯಾರೆ ಬರೆದಿಟ್ಟಂತಾಯಿತು. ಇಂತಹ ಹೋಲಿಕೆಯನ್ನು ಮಾಡಬೇಕೆಂದು ತಟಸ್ಥನಾದ ಅಂಕಿಅಂಶಜ್ಞನೊಬ್ಬನಿಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆಯಿಸಿದುದು ಅವರ ಉದ್ದೇಶವೇ.

ಕರಿಯ ಪತ್ರಕರ್ತೆ ಐಡಾ ಬಿ. ವೆಲ್ಸಳದು ಇದಕ್ಕಿಂತಲೂ ಕಠೋರವಾದ ಪರೀಕ್ಷೆ. ೧೮೯೨ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಅಂಗಡಿಯಿಟ್ಟಿದ್ದ ಮೂವರು ಕರಿಯ ಪುರುಷರನ್ನು ಬಿಳಿಯರ ಗುಂಪು ಕೊಂದಾಗ, ಸತ್ತವರು ಆಕೆಗೆ ಪರಿಚಿತರು. ಅದನ್ನು ಖಂಡಿಸಿ ಬರೆದುದಕ್ಕಾಗಿ ಆಕೆಯ ಪತ್ರಿಕೆಯ ಕಚೇರಿಯನ್ನು ಧ್ವಂಸಮಾಡಿದರು. ಸ್ತ್ರೀಯರ ಮಾನರಕ್ಷಣೆಗಾಗಿಯೇ ಇಂತಹ ಕೊಲೆಗಳು ನಡೆಯುತ್ತವೆಂಬುದು ಆಗ ಸಭ್ಯರೆಲ್ಲರೂ ನಂಬಿದ್ದ ಮಾತು. ವೆಲ್ಸಳು ತನ್ನ ೧೮೯೫ರ ಗ್ರಂಥದಲ್ಲಿ ಕರಿಯರ ಸಾಕ್ಷ್ಯವನ್ನು ನೆಚ್ಚದೆ, ಉತ್ಪ್ರೇಕ್ಷೆಯೆಂದು ಯಾರೂ ಹೇಳಲಾಗದಂತೆ ಬಿಳಿಯರ ಪತ್ರಿಕೆಯಾದ ಚಿಕಾಗೋ ಟ್ರಿಬ್ಯೂನ್ ಪ್ರಕಟಿಸಿದ ಪಟ್ಟಿಗಳನ್ನೇ ಆಧಾರವಾಗಿಟ್ಟುಕೊಂಡು, ಮೂರರಲ್ಲಿ ಒಂದು ಪಾಲಿನ ಪ್ರಕರಣಗಳಲ್ಲಿ ಮಾತ್ರ ಅಂತಹ ಆರೋಪವಾದರೂ ಇದ್ದಿತೆಂದು ತೋರಿಸಿದಳು. ಇದಕ್ಕಿಂತ ಹೆಚ್ಚಿನ ಶಾಸ್ತ್ರೀಯಸಂಯಮವನ್ನು ಯಾವ ವಿಶ್ವವಿದ್ಯಾನಿಲಯ ಕಲಿಸಿದೆ? ಕರಿಯ ಸಮಾಜಶಾಸ್ತ್ರಜ್ಞ ಡು ಬೋಯ್ಸ್ ಮಹಾಶಯನಾದರೋ ೧೮೯೬ರಿಂದ ಫಿಲಡೆಲ್ಫಿಯದ ಏಳನೆಯ ವಾರ್ಡಿನಲ್ಲಿ ಮನೆಮನೆಗೂ ಹೋಗಿ ಕೇಳಿ ಬರೆದು, ೧೮೯೯ರಲ್ಲಿ ಕರಿಯರ ನಗರಜೀವನವನ್ನು ಕುರಿತ ಅಪೂರ್ವಗ್ರಂಥವನ್ನು ಹೊರತಂದನು; ಸತ್ಯವನ್ನು ಲೋಕದ ಮುಂದಿಟ್ಟರೆ ಸಾಕು, ಲೋಕ ತಿದ್ದಿಕೊಳ್ಳುತ್ತದೆಂಬುದು ಆಗ ಅವನ ವಿಶ್ವಾಸ. ಅದೇ ವರ್ಷದ ವಸಂತದಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬವನನ್ನು ಜನಸ್ತೋಮ ಕೊಂದು, ಅವನ ಬೆರಳಗೆಣ್ಣುಗಳನ್ನು ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದೆಯೆಂದು ತಿಳಿದ ದಿನ, ಪತ್ರಿಕಾಸಂಪಾದಕನಿಗೆ ಪತ್ರ ಕೊಡಲೆಂದು ಹೊರಟಿದ್ದ ಅವನು ನಡುದಾರಿಯಿಂದ ಹಿಂದಿರುಗಿದನು. ಆಮೇಲೆ ಅವನು ಸಂಶೋಧನೆಯನ್ನು ಬಿಡಲಿಲ್ಲ. ಶಾಂತನಾದ ನಿರ್ಲಿಪ್ತನಾದ ವಿಜ್ಞಾನಿಯಾಗಿರಬಹುದೆಂಬ ಭ್ರಮೆಯನ್ನು ಬಿಟ್ಟನು. ಅವನ ಉತ್ತಮಗ್ರಂಥಗಳಲ್ಲಿ ಹಲವು ಆ ನಂತರ ಬಂದುವು. ೧೯೪೬ರಲ್ಲಿ ಅಂಬೇಡ್ಕರರು ಅವನಿಗೆ ಪತ್ರ ಬರೆದು, ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದುದು, ಎರಡು ಖಂಡಗಳಲ್ಲಿ ಒಂದೇ ಋಣವನ್ನು ಹೊತ್ತಿದ್ದ ಇಬ್ಬರು ವಿದ್ವಾಂಸರ ನಡುವಣ ವ್ಯವಹಾರ.

ಹೀಗೆ ಪ್ರಮಾಣದಲ್ಲಿ ಪಕ್ಷಪಾತವಿಲ್ಲದಿರುವುದು ಒಂದು, ಪ್ರಯೋಜನದಲ್ಲಿ ಪಕ್ಷವಿಲ್ಲದಿರುವುದು ಮತ್ತೊಂದು. ಮೊದಲನೆಯದು ಪ್ರತಿಯೊಬ್ಬ ಸಂಶೋಧಕನ ಧರ್ಮ. ಎರಡನೆಯದು, ನನ್ನ ಮಟ್ಟಿಗೆ ಹೇಳುವುದಾದರೆ, ಅಸಂಭವ, ಸಂಭವವಾದರೂ ಅಶ್ಲಾಘ್ಯ.

ನಮ್ಮ ರಾಜ್ಯದ ಚರಿತ್ರೆಯಲ್ಲಿ ಈ ಎರಡನ್ನೂ ಬೆರೆಸಿದುದರ ಫಲ ಏನಾಯಿತೆಂಬುದನ್ನು ೧೯೧೮ರ ಪ್ರಸಂಗ ತಿಳಿಸುತ್ತದೆ. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳ ಬಹುಭಾಗವು ಜನಸಂಖ್ಯೆಯ ಅತ್ಯಲ್ಪ ಭಾಗವಾದ ಒಂದೇ ಜಾತಿಯ ಕೈಯಲ್ಲಿದೆಯೆಂದು ಬ್ರಾಹ್ಮಣೇತರರ ನಿಯೋಗವು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನವಿಸಿಕೊಂಡಾಗ, ಅರ್ಹತೆಯೊಂದೇ ನಿಷ್ಪಕ್ಷಪಾತವಾದ ಅಳತೆಗೋಲು, ಅದನ್ನು ಮೀರಿದರೆ ಆಡಳಿತದ ದಕ್ಷತೆ ಕುಸಿಯುತ್ತದೆ ಎಂಬ ವಾದವನ್ನು ಎತ್ತಿದವರು ಸಾಮಾನ್ಯರಲ್ಲ. ನಾಡು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುವ ದಿವಾನ್ ವಿಶ್ವೇಶ್ವರಯ್ಯನವರೇ ಆ ಅಭಿಪ್ರಾಯದವರಾಗಿದ್ದರು, ಮತ್ತು ಆ ವರ್ಷವೇ ಅಧಿಕಾರವನ್ನು ಬಿಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯಾವ ಕಚೇರಿಯಲ್ಲಿ ಯಾರೆಷ್ಟು, ಯಾವ ಶಾಲೆಯಲ್ಲಿ ಯಾರ ಮಕ್ಕಳೆಷ್ಟು ಎಂದು ಎಣಿಸಿದೊಡನೆ, ನಿಷ್ಪಕ್ಷಪಾತವೆಂದು ತೋರುತ್ತಿದ್ದ ಅಳತೆಗೋಲು ಯಾರ ಮನೆಯಲ್ಲಿ ತಯಾರಾದುದೆಂಬುದು ಬಯಲಾಯಿತು. ೧೯೭೨ರಲ್ಲಿ ದೇವರಾಜ ಅರಸರು ನೇಮಿಸಿದ ಎಲ್. ಜಿ. ಹಾವನೂರರ ಆಯೋಗವೂ, ಅದು ೧೯೭೫ರಲ್ಲಿ ಸಲ್ಲಿಸಿದ ವರದಿಯೂ ಇದೇ ಪರಂಪರೆಗೆ ಸೇರಿದುವು. ಇದಕ್ಕೆ ವಿರುದ್ಧವಾಗಿ, ಸ್ವತಂತ್ರ ಭಾರತದ ಜನಗಣತಿಯು ೧೯೫೧ರಿಂದ ೨೦೧೧ರವರೆಗೆ ಪರಿಶಿಷ್ಟರನ್ನುಳಿದು ಬೇರೆ ಯಾರ ಜಾತಿಯನ್ನೂ ಎಣಿಸಲಿಲ್ಲ. ಕೇಳದಿರುವುದೇ ಜಾತ್ಯತೀತತೆಯೆಂದು ವಿದ್ವಾಂಸರು ಅನುಮೋದಿಸಿದರು. ಅದರಿಂದ ಜಾತಿ ಅಳಿಯಲಿಲ್ಲ. ೧೯೮೦ರಲ್ಲಿ ಮಂಡಲ್ ಆಯೋಗವು ಹಿಂದುಳಿದವರ ಪ್ರಮಾಣವನ್ನು ಅಂದಾಜು ಮಾಡಲು ಅರ್ಧ ಶತಮಾನದಷ್ಟು ಹಳೆಯದಾದ ೧೯೩೧ರ ಗಣತಿಯನ್ನು ಆಶ್ರಯಿಸಬೇಕಾಯಿತು. ಮುಂದಿನ ಜನಗಣತಿಯಲ್ಲಿ ಜಾತಿಯನ್ನು ಎಣಿಸುವುದಾಗಿ ಕೇಂದ್ರಸರ್ಕಾರ ಪ್ರಕಟಿಸಿದುದು ೨೦೨೫ರ ಏಪ್ರಿಲಿನಲ್ಲಿ. ಈ ಎಲ್ಲ ದಶಕಗಳ ಮೌನದಿಂದ ಯಾರಿಗೆ ನಷ್ಟವಾಯಿತೆಂಬುದನ್ನು ಹೇಳಬೇಕಾಗಿಲ್ಲ.

ಇತ್ತೀಚೆಗೆ ಈ ಮತವು ಮತ್ತೊಂದು ವೇಷದಲ್ಲಿ ಬಂದಿದೆ: ಸಂಶೋಧನೆಯ ಪ್ರಯೋಜನವೆಂದರೆ ಸರ್ಕಾರಕ್ಕೆ ದತ್ತಾಂಶವನ್ನು ಒದಗಿಸುವುದು, ಯೋಜನೆಗಳ ಮೌಲ್ಯಮಾಪನ ಮಾಡುವುದು. ಇದು ಉಪಯುಕ್ತವಾದ ಕೆಲಸವೇ. ಆದರೆ ಸರ್ಕಾರ ಯಾವುದನ್ನು ಇಲ್ಲವೆಂದು ಹೇಳುತ್ತದೆಯೋ ಅದನ್ನು ಇಂತಹ ಸಂಶೋಧನೆ ಕಾಣಲಾರದು. ಕೋಲಾರದ ಚಿನ್ನದ ಗಣಿಪ್ರದೇಶದಲ್ಲಿ ತಲೆತಲಾಂತರದಿಂದ ಮಲ ಬಾಚುತ್ತಿದ್ದ ಕುಟುಂಬವೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನರು, ಅಂತಹ ಪಾಯಿಖಾನೆಗಳೇ ಇಲ್ಲವೆಂದು ಅಧಿಕಾರಿಗಳು ಸಾಧಿಸುತ್ತಿದ್ದಾಗ, ಛಾಯಾಚಿತ್ರಗಳನ್ನು ತೆಗೆದು ಮುಂದಿಟ್ಟರು. ಮಲ ಹೊರುವುದನ್ನು ನಿಷೇಧಿಸುವ ಕಾಯಿದೆ ೧೯೯೩ರಲ್ಲಿಯೇ ಬಂದಿದ್ದಿತು. ಅವರೂ ಅವರ ಸಂಗಡಿಗರೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ, ತಮ್ಮಲ್ಲಿ ಅಂತಹ ಪದ್ಧತಿ ಇಲ್ಲವೆಂದು ರಾಜ್ಯಸರ್ಕಾರಗಳು ಪ್ರಮಾಣಪತ್ರ ಸಲ್ಲಿಸಿದುವು. ಆಂದೋಲನದವರು ಊರೂರು ಅಲೆದು ಕಲೆಹಾಕಿದ ದಾಖಲೆಗಳಿಂದ ಅದನ್ನು ಅಲ್ಲಗಳೆದರು. ಹನ್ನೊಂದು ವರ್ಷಗಳ ಮೇಲೆ, ೨೦೧೪ರಲ್ಲಿ, ೧೯೯೩ರಿಂದೀಚೆಗೆ ಒಳಚರಂಡಿಗಳಲ್ಲಿ ಸತ್ತ ಪ್ರತಿಯೊಬ್ಬನ ಕುಟುಂಬಕ್ಕೂ ೧೦ ಲಕ್ಷ ರೂಪಾಯಿ ಪರಿಹಾರ ಕೊಡತಕ್ಕದ್ದೆಂದು ನ್ಯಾಯಾಲಯ ವಿಧಿಸಿತು. ೨೦೨೩ರಲ್ಲಿ ಆ ಮೊತ್ತವನ್ನು ೩೦ ಲಕ್ಷಕ್ಕೆ ಏರಿಸಿತು. ಈ ಸಂಶೋಧಕರಿಗೆ ಪ್ರಾಧ್ಯಾಪಕಪೀಠವಿರಲಿಲ್ಲ. ಅವರಿಗೆ ಇದ್ದುದು, ಎಲ್ಲಿ ಹುಡುಕಬೇಕೆಂಬ ತಿಳಿವಳಿಕೆ.

ಕೊನೆಯದಾಗಿ ಸಿದ್ಧಾಂತದ ವಿಚಾರ. ನೊಂದವರು ತಮ್ಮ ಅನುಭವವನ್ನು ಹೇಳಲಿ, ಅದರ ಅರ್ಥವನ್ನು ನಾವು ಹೇಳುತ್ತೇವೆ ಎಂಬ ಅಲಿಖಿತ ಶ್ರಮವಿಭಾಗ ನಮ್ಮ ವಿದ್ಯಾಪೀಠಗಳಲ್ಲಿದೆ. ೨೦೦೨ರಲ್ಲಿ ರಾಜಕೀಯ ಚಿಂತಕ ಗೋಪಾಲ್ ಗುರು ಅವರು ಇದನ್ನು ನಿಷ್ಠುರವಾಗಿ ಎತ್ತಿ ತೋರಿಸಿ, ಜಾತಿಯ ಶ್ರೇಣಿಯೇ ಸಿದ್ಧಾಂತ ಮತ್ತು ದತ್ತಾಂಶಗಳ ಶ್ರೇಣಿಯಾಗಿ ಪುನರವತರಿಸಿದೆಯೆಂದು ವಾದಿಸಿದರು; ಬೆಂಗಳೂರಿನ ತತ್ತ್ವಜ್ಞ ಸುಂದರ್ ಸಾರುಕ್ಕೈ ಅವರೊಡನೆ ಅವರು ೨೦೧೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಚರ್ಚೆ ಇನ್ನೂ ಆಳಕ್ಕೆ ಇಳಿಯಿತು. ಆದರೆ ಈ ಶ್ರಮವಿಭಾಗ ಮಿಥ್ಯೆಯೆಂಬುದು ೧೯೧೬ರ ಮೇ ೯ರಂದೇ ಸಿದ್ಧವಾಗಿದ್ದಿತು. ಅಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಚಾರಗೋಷ್ಠಿಯಲ್ಲಿ ಇಪ್ಪತ್ತೈದು ವರ್ಷದ ಅಂಬೇಡ್ಕರರು ಜಾತಿಯ ಉತ್ಪತ್ತಿಯನ್ನು ಕುರಿತ ಪ್ರಬಂಧವನ್ನು ಓದಿದರು. ಆ ಕಾಲದ ಮಾನ್ಯಸಿದ್ಧಾಂತವು ಹರ್ಬರ್ಟ್ ರಿಸ್ಲೆಯದು: ೧೯೦೧ರ ಜನಗಣತಿಯ ಕಮಿಷನರನಾದ ಆತನು ಮೂಗಿನ ಉದ್ದಗಲಗಳನ್ನು ಅಳೆಸಿ, ಜಾತಿಯ ಮೂಲ ಜನಾಂಗಭೇದದಲ್ಲಿದೆಯೆಂದು ಸಾರಿದ್ದನು, ಅಂಕಿಗಳಲ್ಲಿ ಅದಕ್ಕಿಂತ ‘ವಸ್ತುನಿಷ್ಠ’ವಾದುದು ಬೇರೊಂದಿಲ್ಲವೆಂದು ಜನ ನಂಬಿದ್ದರು. ಅಂಬೇಡ್ಕರರಾದರೋ ಜಾತಿಗೆ ವಿಶಿಷ್ಟವಾದ ಲಕ್ಷಣ ಒಂದೇ, ಅದು ಒಳಮದುವೆ, ಎಂದು ಹಿಡಿದರು. ಸ್ತ್ರೀಪುರುಷರ ಸಂಖ್ಯೆ ಸಮವಾಗಿರುವ ಗುಂಪೊಂದು ತನ್ನ ಬಾಗಿಲನ್ನು ಮುಚ್ಚಿಕೊಂಡರೆ, ಗಂಡ ಸತ್ತ ಹೆಣ್ಣೂ ಹೆಂಡತಿ ಸತ್ತ ಗಂಡೂ ಆ ಬಾಗಿಲನ್ನು ಒಡೆದಾರೆಂಬ ಭಯ ಉಳಿಯುತ್ತದೆ. ಸಹಗಮನ, ಬಲಾತ್ಕಾರದ ವೈಧವ್ಯ, ಬಾಲ್ಯವಿವಾಹ ಎಂಬ ಮೂರೂ ಆ ಬಾಗಿಲನ್ನು ಭದ್ರಪಡಿಸಲು ಹೂಡಿದ ಉಪಾಯಗಳು ಎಂದು ಅವರು ಸಾಧಿಸಿದರು. ಧರ್ಮವೆಂದು ಪೂಜಿತವಾದುದು ಯಂತ್ರವೆಂದು ತಿಳಿದುಬಂದಿತು; ಸ್ತ್ರೀಯ ದುಃಖವೂ ಅಸ್ಪೃಶ್ಯನ ದುಃಖವೂ ಒಂದೇ ಯಂತ್ರದ ಎರಡು ಹಲ್ಲುಗಳೆಂದು ತಿಳಿದುಬಂದಿತು. ಮೂಗಿನ ಅಳತೆಗಳನ್ನೂ ಅವರು ತಿರಸ್ಕರಿಸಿ ಸುಮ್ಮನಾಗಲಿಲ್ಲ. ತಮ್ಮ ೧೯೪೮ರ ಗ್ರಂಥದಲ್ಲಿ, ಸಮಾಜಶಾಸ್ತ್ರಜ್ಞ ಘುರ್ಯೆಯವರು ಹಿಂದೆ ಪ್ರಕಟಿಸಿದ್ದ ಅಳತೆಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರೆಂಬುದನ್ನು ಅವುಗಳಿಂದಲೇ ತೋರಿಸಿಕೊಟ್ಟರು. ಮುಂದೆ ಅವರು ಶ್ರೇಣೀಕೃತ ಅಸಮಾನತೆಯೆಂದು ನಿರೂಪಿಸಿದುದು, ಪ್ರತಿಯೊಬ್ಬನಿಗೂ ತನ್ನ ಕೆಳಗೊಬ್ಬನನ್ನು ಕೊಟ್ಟು ತುಳಿತಕ್ಕೊಳಗಾದವರನ್ನು ಒಂದಾಗದಂತೆ ಮಾಡುವ ವ್ಯವಸ್ಥೆಯನ್ನು ಯಾವ ತಟಸ್ಥನೂ ಕಾಣದಷ್ಟು ನಿಚ್ಚಳವಾಗಿ ಕಂಡಿತು. ಬದಲಿಸಬೇಕೆಂಬ ಸಂಕಲ್ಪ ಅವರ ಬುದ್ಧಿಯನ್ನು ಮಸುಕುಗೊಳಿಸಲಿಲ್ಲ, ಹರಿತಗೊಳಿಸಿತು.

ಆದುದರಿಂದ ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಮಾರ್ಗದರ್ಶಕರಾಗಿರುವವರನ್ನೂ, ಪ್ರಶ್ನಾವಳಿಯನ್ನು ಹಿಡಿದು ಹಳ್ಳಿಗೆ ಹೊರಟಿರುವ ತರುಣ ತರುಣಿಯರನ್ನೂ ನಾನು ಬೇಡಿಕೊಳ್ಳುವುದು ಇಷ್ಟು. ಎಲ್ಲಿ ಇಳಿದುಕೊಂಡಿರಿ, ಯಾರ ಜೊತೆ ಕೇರಿಗೆ ಹೋದಿರಿ, ಯಾರು ಮಾತನಾಡಲಿಲ್ಲ ಎಂಬುದನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲಿಯೇ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದು ಗ್ರಂಥಭಂಡಾರದಲ್ಲಿಟ್ಟ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ಉತ್ತರ ಕೊಟ್ಟವರ ಊರಿಗೆ ಮರಳಿ ಹೋಗಿ, ಅವರ ಕೇರಿಯಲ್ಲಿ ನಿಂತು ಓದಿರಿ. ಅವರು ತಪ್ಪೆಂದು ತೋರಿಸಿದುದನ್ನು ತಿದ್ದಿರಿ, ತಿದ್ದಲು ಒಪ್ಪದಿದ್ದರೆ ಅವರ ಆಕ್ಷೇಪವನ್ನು ಅವರ ಮಾತಿನಲ್ಲಿಯೇ ಪ್ರಬಂಧಕ್ಕೆ ಸೇರಿಸಿರಿ. ಮೌಖಿಕ ಪರೀಕ್ಷೆಗೆ ಕೂಡುವ ಪರೀಕ್ಷಕರು ಆ ಪುಟಗಳನ್ನು ಮೊದಲು ಕೇಳಲಿ, ಅವು ಇಲ್ಲದ ಪ್ರಬಂಧವನ್ನು ಹಿಂದಕ್ಕೆ ಕಳುಹಿಸಲಿ.